ಮೂರರ ಚಾಪೆಯಿಂದ ನಾಲ್ಕರ ಬೆಂಚಿಗೆ

ಸರ್ಕಾರಿ ಕನ್ನಡ ಶಾಲೆಯ ನಲಿ-ಕಲಿ ಕೋಣೆಗೆ ಕಾಲಿಟ್ಟರೆ ಮೊದಲು ಕಣ್ಣಿಗೆ ಬೀಳುವುದು ತಲೆಯ ಮೇಲಿನ ಚಪ್ಪರ. ದಾರ ಕಟ್ಟಿ, ಮಕ್ಕಳು ಬರೆದದ್ದು, ಬಿಡಿಸಿದ್ದು, ಕತ್ತರಿಸಿ ಅಂಟಿಸಿದ್ದನ್ನೆಲ್ಲ ಅದಕ್ಕೆ ತೂಗುಹಾಕಿರುತ್ತಾರೆ. ಗೋಡೆಯ ಕೆಳಭಾಗದಲ್ಲಿ, ಆರು ವರ್ಷದ ಮಗುವಿನ ಕೈಗೆಟಕುವಷ್ಟು ಎತ್ತರಕ್ಕೆ, ಕಪ್ಪು ಹಲಗೆ. ಒಂದು, ಎರಡು, ಮೂರನೇ ತರಗತಿಯವರು ಒಟ್ಟಿಗೇ ನೆಲದ ಮೇಲೆ ಗುಂಪುಗುಂಪಾಗಿ ಕೂತಿರುತ್ತಾರೆ. ಈ ಗುಂಪಿಗೆ ಅಲ್ಲಿ ‘ತಟ್ಟೆ’ ಎಂದು ಹೆಸರು. ಹೊಸ ಪಾಠದವರದು ಮೇಷ್ಟ್ರ ಪಕ್ಕದ ತಟ್ಟೆ, ಸ್ವಲ್ಪ ಬಂದವರದು ಗೆಳೆಯರ ಸಹಾಯದ ತಟ್ಟೆ, ಪೂರ್ತಿ ಬಂದವರದು ಸ್ವಕಲಿಕೆಯ ತಟ್ಟೆ.

ಅಕ್ಷರ ಇಲ್ಲಿ ‘ಅ ಆ ಇ ಈ’ಯಿಂದ ಶುರುವಾಗುವುದಿಲ್ಲ. ಮೊದಲು ರ, ಗ, ಸ, ದ, ಅ. ಈ ಐದು ಬಂದರೆ ಸಾಕು, ಮಗು ಸರ, ಅರಸ, ಅಗಸ, ಗರಗಸ ಓದಿಬಿಡುತ್ತದೆ. ನಲವತ್ತೊಂಬತ್ತು ಅಕ್ಷರ ಬಾಯಿಪಾಠ ಮುಗಿಯುವವರೆಗೂ ಒಂದು ಪದದ ಮುಖ ನೋಡದೆ ಕಾಯಬೇಕಿಲ್ಲ. ಆಮೇಲೆ ಜ, ವ, ಮ, ಬ, ನ. ಇಷ್ಟು ಅಕ್ಷರಕ್ಕೊಂದು ಮೈಲಿಗಲ್ಲು; ಅದರೊಳಗೆ ಹಾಡು, ಕತೆ, ಆಟ, ಬರವಣಿಗೆಯ ಮೆಟ್ಟಿಲುಗಳು, ಮೆಟ್ಟಿಲಿಗೊಂದು ಕಾರ್ಡ್; ಎಲ್ಲ ಸೇರಿ ಕಲಿಕೆಯ ಏಣಿ. ಅವುಗಳ ನಡುವೆ ಒಂದು ಮೌಲ್ಯಮಾಪನದ ಕಾರ್ಡ್. ಮಗುವಿಗೆ ಅದೂ ಇನ್ನೊಂದು ಕಾರ್ಡೇ. ಬಂದರೆ ಮುಂದಿನ ಮೆಟ್ಟಿಲು, ಬರದಿದ್ದರೆ ಮತ್ತಷ್ಟು ಅಭ್ಯಾಸ. ಗೋಡೆಯ ಮೇಲಿನ ‘ಪ್ರಗತಿ ನೋಟ’ದಲ್ಲಿ ಮೇಷ್ಟ್ರು ಗುರುತು ಹಾಕುತ್ತಾರೆ. ಪರೀಕ್ಷೆ ಬರೆದೆ ಎಂದು ಮಗುವಿಗೆ ಗೊತ್ತೇ ಆಗುವುದಿಲ್ಲ.

ಈ ನಲಿ-ಕಲಿ ಪದ್ಧತಿ ವಿದೇಶದಿಂದ ಬಂದದ್ದಲ್ಲ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನ ಶಿಕ್ಷಕರು ಆಂಧ್ರದ ಮದನಪಲ್ಲೆ ಬಳಿಯ ರಿಷಿವ್ಯಾಲಿಯ ಹಳ್ಳಿಶಾಲೆಗಳ ಪದ್ಧತಿಯನ್ನು ನೋಡಿ ಬಂದು, ಯುನಿಸೆಫ್ ನೆರವಿನಿಂದ ತಮ್ಮ ಶಾಲೆಗಳಿಗೆ ಹೊಂದಿಸಿಕೊಂಡರು. 2009-10ರಲ್ಲಿ ರಾಜ್ಯದ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳಿಗೆಲ್ಲ ಅದು ವಿಸ್ತರಿಸಿತು. ಹುಟ್ಟಿದ ಜಾಗವನ್ನು ನೋಡಿದರೆ ಅದರ ತರ್ಕ ತಿಳಿಯುತ್ತದೆ. ಹೆಗ್ಗಡದೇವನಕೋಟೆ ಕಾಡಂಚಿನ ತಾಲ್ಲೂಕು. ಕಾಫಿ ಕೊಯ್ಲಿನ ಕಾಲಕ್ಕೆ ಆದಿವಾಸಿ ಹಾಡಿಗಳ ಕುಟುಂಬಗಳು ಕೊಡಗಿನ ಕಡೆ ಹೋಗುವುದುಂಟು. ಜೊತೆಗೆ ಹೋದ ಮಗು ತಿಂಗಳುಗಟ್ಟಲೆ ಬಿಟ್ಟು ಬಂದರೂ ಏಣಿಯಲ್ಲಿ ತಾನು ನಿಂತಿದ್ದ ಮೆಟ್ಟಿಲಿಂದಲೇ ಹತ್ತಬಹುದು. ಪಾಠ ಮುಂದೆ ಹೋಗಿಬಿಟ್ಟಿತು ಎಂಬ ಪ್ರಶ್ನೆಯೇ ಇಲ್ಲ. ಆರೇಳು ವರ್ಷದವರು ಯಾರೂ ಒಂದೇ ದಿನ ಒಂದೇ ಪಾಠಕ್ಕೆ ಸಿದ್ಧರಾಗುವುದಿಲ್ಲ ಎಂಬುದನ್ನು ಒಪ್ಪಿಕೊಂಡ ಪಠ್ಯಕ್ರಮ ಇದು.

ಕೊರತೆ ಇಲ್ಲವೆಂದಲ್ಲ. ಕಾರ್ಡುಗಳು ಹರಿದರೆ ಹೊಸ ಸೆಟ್ಟು ಬೇಗ ಬರುವುದಿಲ್ಲ. ಮೂರು ತರಗತಿಗೆ ಒಬ್ಬರೇ ಶಿಕ್ಷಕರಾದಾಗ ಸ್ವಕಲಿಕೆಯ ತಟ್ಟೆ ಎಂಬುದು ಯಾರೂ ಗಮನಿಸದ ತಟ್ಟೆಯಾಗುತ್ತದೆ. ‘ಬರೀ ಆಡಿಸ್ತಾರೆ, ಪರೀಕ್ಷೆನೇ ಇಲ್ಲ’ ಎಂದು ಮಗುವನ್ನು ಎಲ್‌ಕೆಜಿಯಿಂದಲೇ ಟೆಸ್ಟ್ ಕೊಡುವ ಕಾನ್ವೆಂಟಿನ ವ್ಯಾನು ಹತ್ತಿಸಿದ ಪೋಷಕರಂತೂ ಲೆಕ್ಕವಿಲ್ಲ.

ಆದರೆ ನನ್ನ ತಕರಾರು ಬೇರೆ. ನಾಲ್ಕನೇ ತರಗತಿಗೆ ಬಂದ ಕೂಡಲೇ ಈ ಏಣಿ ಮಾಯವಾಗುತ್ತದೆ. ಜೂನ್‌ನಲ್ಲಿ ಬಾಗಿಲು ತೆರೆದರೆ ಬೆಂಚು, ಪಠ್ಯಪುಸ್ತಕ, ಎಲ್ಲರಿಗೂ ಒಂದೇ ಪಾಠ. ಎಫ್‌ಎ, ಎಸ್‌ಎ ಎಂದು ಶಾಲೆಗಳಲ್ಲಿ ಕರೆಯುವ ರೂಪಣಾತ್ಮಕ, ಸಂಕಲನಾತ್ಮಕ ಮೌಲ್ಯಮಾಪನಗಳು. ಮಗುವಿನ ವಯಸ್ಸಿಗೆ ಸೇರಿದ್ದು ಒಂದೇ ವರ್ಷ. ಅಷ್ಟರಲ್ಲಿ ಅದು ಇನ್ನೊಂದು ಜಾತಿಯ ಪ್ರಾಣಿ ಆಗಿಬಿಟ್ಟಿದೆಯೇನೋ ಎಂಬಂತೆ ವ್ಯವಸ್ಥೆ ನಡೆದುಕೊಳ್ಳುತ್ತದೆ. ಮೂರನೆಯದರ ಕೊನೆಗೆ ಏಣಿಯ ಅರ್ಧದಲ್ಲಿದ್ದವನ ಗತಿ ಏನು? ಅವನು ‘ಹಿಂದುಳಿದವನು’ ಎಂಬ ಪಟ್ಟಿಗೆ ಸೇರುತ್ತಾನೆ.

ಒಂಬತ್ತು-ಹತ್ತು ವರ್ಷದ ಮಕ್ಕಳ ಒಂದು ಲೆಕ್ಕ ನೋಡಿ. 52ರಲ್ಲಿ 27 ಕಳೆ ಎಂದರೆ ಹಲವರು 35 ಎಂದು ಬರೆಯುತ್ತಾರೆ. ಉತ್ತರ ಪತ್ರಿಕೆಯಲ್ಲಿ ಅದಕ್ಕೆ ಸೊನ್ನೆ. ಪಕ್ಕದಲ್ಲಿ ಕೂತು ‘ಹೇಗೆ ಮಾಡಿದೆ ಮರಿ?’ ಎಂದು ಕೇಳಿದರೆ ಮಗು ‘ಏಳರಲ್ಲಿ ಎರಡು ಹೋದರೆ ಐದು, ಐದರಲ್ಲಿ ಎರಡು ಹೋದರೆ ಮೂರು’ ಎನ್ನುತ್ತದೆ. ಯಾವಾಗಲೂ ದೊಡ್ಡದರಿಂದ ಚಿಕ್ಕದನ್ನೇ ಕಳೆಯಬೇಕು ಎಂದು ತಾನೇ ನಿಯಮ ಮಾಡಿಕೊಂಡಿದೆ. ಅದಕ್ಕೆ ಕಳೆಯುವುದು ಬರುತ್ತದೆ. ಬಾರದಿರುವುದು ಒಂದು ಹತ್ತನ್ನು ಬಿಡಿಸಿ ಹತ್ತು ಬಿಡಿ ಮಾಡಿಕೊಳ್ಳುವುದು. ಒಂದು ಕಟ್ಟು ಕಡ್ಡಿ ಬಿಚ್ಚಿ ತೋರಿಸಿದರೆ ದಾರಿಗೆ ಬರುತ್ತದೆ. ಆ ಸೊನ್ನೆ ಈ ಯಾವುದನ್ನೂ ಮೇಷ್ಟ್ರಿಗೆ ಹೇಳುವುದಿಲ್ಲ. ಈ ವಯಸ್ಸಿನ ಮೌಲ್ಯಮಾಪನ ಎಂದರೆ ಮುಖ್ಯವಾಗಿ ಕೇಳಿಸಿಕೊಳ್ಳುವುದು.

ನಾವು ಮಾಡಿದ್ದೇನು? ಐದು, ಎಂಟು, ಒಂಬತ್ತನೇ ತರಗತಿಗೆ ಬೋರ್ಡ್ ಪರೀಕ್ಷೆ ಬೇಕೇ ಬೇಡವೇ ಎಂದು ಕೋರ್ಟು ಹತ್ತಿದೆವು. 2024ರ ಮಾರ್ಚ್ 6ರಂದು ಹೈಕೋರ್ಟಿನ ಏಕಸದಸ್ಯ ಪೀಠ ಆ ಪರೀಕ್ಷೆಗಳನ್ನು ರದ್ದು ಮಾಡಿತು, ಮರುದಿನ ವಿಭಾಗೀಯ ಪೀಠ ಆ ಆದೇಶಕ್ಕೆ ತಡೆ ಕೊಟ್ಟಿತು. 11ಕ್ಕೆ ಪರೀಕ್ಷೆ ಶುರುವಾಯಿತು, 12ಕ್ಕೆ ಸುಪ್ರೀಂ ಕೋರ್ಟ್ ತಡೆಯಿತು, 22ಕ್ಕೆ ಹೈಕೋರ್ಟ್ ಮತ್ತೆ ಅನುಮತಿ ಕೊಟ್ಟಿತು. ಉಳಿದ ಪತ್ರಿಕೆ ಮುಗಿದ ಮೇಲೆ ಏಪ್ರಿಲ್ 8ರಂದು ಫಲಿತಾಂಶಕ್ಕೇ ಸುಪ್ರೀಂ ಕೋರ್ಟ್ ತಡೆ ಹಾಕಿತು. ಹತ್ತು-ಹನ್ನೊಂದು ವರ್ಷದ ಮಕ್ಕಳು ಪೆನ್ಸಿಲ್ ಚೂಪು ಮಾಡಿಕೊಂಡು ಕಾದದ್ದೇ ಬಂತು. ಹತ್ತನೇ ತರಗತಿಯ ಭಯ ಈಗಿನಿಂದಲೇ ಹೋಗಲಿ ಎಂಬುದು ಪರೀಕ್ಷೆಯ ಪರ ಇದ್ದವರ ವಾದ. ಭಯ ಅಭ್ಯಾಸದಿಂದ ಹೋಗುತ್ತದೆಂದು ನನಗೆ ನಂಬಿಕೆ ಇಲ್ಲ; ಅದು ಬೇಗ ಶುರುವಾಗುತ್ತದೆ, ಅಷ್ಟೆ.

ನೀತಿ ಮಾಡುವವರ ಗಮನವೆಲ್ಲ ಅಂಕಿಗಳ ಮೇಲೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಶಾಲಾ ವರ್ಷಗಳನ್ನು 5+3+3+4 ಎಂದು ಹಂಚಿತು. ರಾಜ್ಯ ಅದನ್ನು ಬೇಡವೆಂದು ಪ್ರೊ. ಸುಖದೇವ್ ಥೋರಟ್ ನೇತೃತ್ವದ ಆಯೋಗ ರಚಿಸಿತು. 2025ರ ಆಗಸ್ಟ್‌ನಲ್ಲಿ ಬಂದ ಅದರ ವರದಿ 2+8+4 ಎನ್ನುತ್ತದೆ. ಮೂರರಿಂದ ಎಂಟು ವರ್ಷದವರೆಗಿನದು ಒಂದೇ ಹಂತ ಎಂಬ ರಾಷ್ಟ್ರೀಯ ನೀತಿಯ ಮಾತು ಸರಿಯೇ. ಆದರೆ ಎಲ್ಲಿ ಗೆರೆ ಎಳೆದರೂ ಗೆರೆಯ ಆಚೆ-ಈಚೆಯ ಶಿಕ್ಷಕರು ಮಾತಾಡಿಕೊಳ್ಳದಿದ್ದರೆ ಮಗುವಿಗೆ ಸಿಗುವುದು ಕಂದಕವೇ.

ದೊಡ್ಡ ಮಕ್ಕಳ ವಿಷಯ ಬೇರೆ. ಹದಿಮೂರು-ಹದಿನಾಲ್ಕರ ಹೊತ್ತಿಗೆ ‘ಹೀಗಾಗಿದ್ದರೆ ಏನಾಗುತ್ತಿತ್ತು’ ಎಂದು ಯೋಚಿಸುವ ಶಕ್ತಿ ಬಂದಿರುತ್ತದೆ. ಅವರಿಗೆ ಬರೆಯುವ ಪರೀಕ್ಷೆ ಇರಲಿ, ಕಷ್ಟದ್ದೇ ಇರಲಿ. ಪ್ರಾಜೆಕ್ಟ್ ಇನ್ನೂ ಒಳ್ಳೆಯದು. ಆದರೆ ಇವತ್ತು ಪ್ರಾಜೆಕ್ಟ್ ಎಂದರೆ ಸ್ಟೇಷನರಿ ಅಂಗಡಿಯಲ್ಲಿ ಸಿಗುವ ಚಿತ್ರದ ಹಾಳೆಯನ್ನು ಡ್ರಾಯಿಂಗ್ ಶೀಟಿಗೆ ಅಂಟಿಸುವುದು, ಅಮ್ಮ ಸುತ್ತ ಸ್ಕೆಚ್ ಪೆನ್ನಿನಲ್ಲಿ ಬಾರ್ಡರ್ ಎಳೆಯುವುದು. ಎಸ್ಸೆಸ್ಸೆಲ್ಸಿಯಲ್ಲಿ ಹೆಚ್ಚಿನ ವಿಷಯಗಳಿಗೆ 80 ಅಂಕ ಬರವಣಿಗೆಗೆ, 20 ಆಂತರಿಕ ಮೌಲ್ಯಮಾಪನಕ್ಕೆ. ಈ ಇಪ್ಪತ್ತು ಹೆಚ್ಚುಕಡಿಮೆ ಎಲ್ಲರಿಗೂ ಉದಾರವಾಗಿ ಬೀಳುವುದು ಶಿಕ್ಷಕರ ಕೊಠಡಿಯಲ್ಲಿ ಯಾರಿಗೂ ಹೊಸ ಸುದ್ದಿಯಲ್ಲ.

ಇಲಾಖೆ ಮೊದಲು ಮಾಡಬೇಕಾದ್ದು ದೊಡ್ಡ ಖರ್ಚಿನ ಕೆಲಸವಲ್ಲ. ನಾಲ್ಕನೆಯದರ ಮೊದಲ ಕೆಲವು ತಿಂಗಳು ಏಣಿ, ಪುಸ್ತಕ ಎರಡೂ ಇರಲಿ. ಮೂರನೆಯದರ ಪ್ರಗತಿ ನೋಟ ನಾಲ್ಕನೆಯದರ ಶಿಕ್ಷಕರ ಮೇಜಿಗೆ ಬರಲಿ. ಅಲ್ಲಿಯವರೆಗೆ ಪೋಷಕರಲ್ಲಿ ಒಂದು ಕೋರಿಕೆ: ಮುಂದಿನ ‘ಸಮುದಾಯದತ್ತ ಶಾಲೆ’ ಸಭೆಗೆ ಹೋದಾಗ ಎಷ್ಟು ಮಾರ್ಕ್ಸ್ ಎಂದು ಕೇಳಬೇಡಿ. ನಮ್ಮ ಮಗು ಎಲ್ಲಿ ತಡೆಯುತ್ತಿದೆ, ಯಾಕೆ ತಡೆಯುತ್ತಿದೆ ಎಂದು ಕೇಳಿ.