ಎತ್ತಿನ ಹೆಗಲಿಗೆ ಹಗುರವಾಗಲಿ ಹಳೆಯ ಗಾಡಿ

ನಮ್ಮ ಒಕ್ಕಲು ಮನೆತನಗಳಲ್ಲಿ ಗಾಡಿ ಎಂಬುದು ಕೇವಲ ಸರಕು ಸಾಗಿಸುವ ಸಾಧನವಾಗಿರಲಿಲ್ಲ. ತಿಪ್ಪೆಯ ಗೊಬ್ಬರವನ್ನು ಹೊಲಕ್ಕೆ ಹೊತ್ತದ್ದು, ರಾಗಿಯ ತೆನೆಯನ್ನು ಕಣಕ್ಕೆ ತಂದದ್ದು, ಹೊಸ ಸೊಸೆಯನ್ನು ಮನೆಯ ಬಾಗಿಲಿಗೆ ಕರೆತಂದದ್ದು ಎಲ್ಲವೂ ಅದೇ ಗಾಡಿ. ಶಿವರಾತ್ರಿ ಸಮೀಪಿಸಿತೆಂದರೆ ಅದಕ್ಕೆ ಕಮಾನು ಕಟ್ಟಿ, ಹುಲ್ಲು ಹಾಸಿ, ಮೇಲೆ ಜಮಖಾನ ಹೊದಿಸಿ, ಬುತ್ತಿಗಂಟಿನೊಡನೆ ಮನೆಮಂದಿಯೆಲ್ಲ ತುಮಕೂರಿನ ಸಿದ್ಧಗಂಗೆಯ ಜಾತ್ರೆಗೆ ಹೊರಡುತ್ತಿದ್ದರು. ಗುಬ್ಬಿಯ ಶ್ರೀ ಚನ್ನಬಸವೇಶ್ವರ ಸ್ವಾಮಿಯ ತೇರಿಗೂ, ಕುಣಿಗಲ್ ತಾಲ್ಲೂಕಿನ ಎಡೆಯೂರಿನ ಶ್ರೀ ಸಿದ್ಧಲಿಂಗೇಶ್ವರರ ಸನ್ನಿಧಿಗೂ ಭಕ್ತರನ್ನು ಕರೆದೊಯ್ದದ್ದು ಇಂತಹ ಗಾಡಿಗಳೇ.

ಇಂದು ಆ ಕೆಲಸದ ಬಹುಪಾಲನ್ನು ಟ್ರ್ಯಾಕ್ಟರು, ಟೆಂಪೊಗಳು ವಹಿಸಿಕೊಂಡಿವೆ. ಅನೇಕ ಮನೆಗಳಲ್ಲಿ ಅಜ್ಜನ ಕಾಲದ ಗಾಡಿ ಹಿತ್ತಲಿನ ಹುಣಸೆಯ ಮರದಡಿ ಮೂಕಿಯನ್ನು ನೆಲಕ್ಕೂರಿ ಮಳೆಬಿಸಿಲಿಗೆ ಮೈಯೊಡ್ಡಿ ನಿಂತಿದೆ. ಕೆಲವರು ಅದರ ಗಾಲಿಗಳನ್ನು ಕಳಚಿ ಕಾಂಪೌಂಡಿನ ಅಲಂಕಾರಕ್ಕೆ ಇಟ್ಟಿದ್ದಾರೆ. ಮತ್ತೆ ಕೆಲವರು ಹೋಟೆಲಿನವರಿಗೆ ಮಾರಿದ್ದಾರೆ. ಆದರೆ ಎತ್ತುಗಳನ್ನು ಇನ್ನೂ ಕಟ್ಟಿಕೊಂಡಿರುವ ಮನೆಗಳೂ ನಮ್ಮಲ್ಲಿವೆ. ಅಂಥವರು ಹಳೆಯ ಗಾಡಿಯನ್ನು ದುರಸ್ತಿ ಮಾಡಿಸಬೇಕೆಂದು ಹೊರಟಾಗ ಸಾಮಾನ್ಯವಾಗಿ ಮೊದಲು ಯೋಚಿಸುವುದು ಬಣ್ಣವನ್ನು ಕುರಿತು. ಗಾಡಿಯ ಜೀರ್ಣೋದ್ಧಾರವು ಬಣ್ಣದಿಂದಲ್ಲ, ಎತ್ತಿನ ಹೆಗಲಿನಿಂದ ಆರಂಭವಾಗಬೇಕೆಂಬುದು ನಮ್ಮ ಅಭಿಪ್ರಾಯ. ಗಾಡಿಯ ಪ್ರತಿಯೊಂದು ದೋಷದ ಭಾರವೂ ಕೊನೆಗೆ ಬೀಳುವುದು ಮಾತು ಬಾರದ ಆ ಜೀವಿಯ ಮೇಲೆಯೇ ಅಲ್ಲವೇ?

ಮೊದಲು ಪರೀಕ್ಷೆ

ದುರಸ್ತಿಗೆ ಕೈಹಾಕುವ ಮುನ್ನ ಗಾಡಿಯನ್ನು ತೊಳೆದು ಒಣಗಿಸಿ, ಒಂದೊಂದೇ ಅಂಗವನ್ನು ಪರಿಶೀಲಿಸಬೇಕು. ಮರದ ಭಾಗಗಳನ್ನು ಸಣ್ಣ ಸುತ್ತಿಗೆಯಿಂದ ತಟ್ಟಿ ನೋಡಿದರೆ ಗಟ್ಟಿ ಮರ ಟಣ್ಣೆಂದು ನುಡಿಯುತ್ತದೆ. ಒಳಗೆ ಗೆದ್ದಲು ತಿಂದ ಅಥವಾ ಕೊಳೆತ ಮರ ಮಂದವಾದ ಸದ್ದು ಕೊಡುತ್ತದೆ. ನೀರು ನಿಲ್ಲುವ ಸಂದುಗಳಲ್ಲಿಯೂ, ಹಲಗೆಗಳು ಅಡ್ಡಪಟ್ಟಿಯ ಮೇಲೆ ಕೂರುವ ಜಾಗದಲ್ಲಿಯೂ, ಮೂಕಿಯ ನೆಲಕ್ಕೆ ತಾಗಿದ ತುದಿಯಲ್ಲಿಯೂ ವಿಶೇಷ ಗಮನವಿರಲಿ.

ಹಾಸುಹಲಗೆಗಳು ಹಾಳಾಗಿದ್ದರೆ ಚಿಂತೆಯಿಲ್ಲ. ಅವನ್ನು ಬದಲಿಸುವುದು ಸುಲಭ. ಆದರೆ ಮೂಕಿ, ನೊಗ, ಅಚ್ಚು, ಗುಂಬ ಇವು ಭಾರ ಹೊರುವ ಅಂಗಗಳು. ಇವುಗಳಲ್ಲಿ ಉದ್ದಕ್ಕೆ ಓಡಿದ ಬಿರುಕು ಕಂಡರೆ ಅದಕ್ಕೆ ಮೇಣ, ಮರದ ಪುಡಿ ತುಂಬಿ ಬಣ್ಣ ಬಳಿಯುವುದು ಅಪಾಯವನ್ನು ಮುಚ್ಚಿಟ್ಟಂತೆ. ಅಂತಹ ಅಂಗವನ್ನು ಬದಲಿಸಲೇಬೇಕು. ನಮ್ಮ ಹಿರಿಯರು ಗಾಲಿಗೆ ಜಾಲಿ, ಅಚ್ಚು-ಮೂಕಿಗಳಿಗೆ ದಿಂಡಿಗ, ಹಲಗೆಗೆ ಹೊನ್ನೆ, ತೇಗ ಎಂದು ಆಯಾ ಕೆಲಸಕ್ಕೆ ಆಯಾ ಮರವನ್ನು ಆರಿಸುತ್ತಿದ್ದರು. ಜಾಲಿ ಪೆಟ್ಟನ್ನು ತಡೆಯುತ್ತದೆ. ದಿಂಡಿಗ ಬಾಗಿದರೂ ಬೇಗ ಮುರಿಯುವುದಿಲ್ಲ. ಈ ವಿವೇಕವನ್ನು ಇಂದಿಗೂ ಬಿಡಬಾರದು.

ಗಾಲಿಯ ಗುಟ್ಟು

ಸಾಂಪ್ರದಾಯಿಕ ಗಾಲಿಯಲ್ಲಿ ನಡುವೆ ಗುಂಬ, ಅದರಿಂದ ಹೊರಡುವ ಸಾಮಾನ್ಯವಾಗಿ 12 ಅರಗಳು, ಎರಡೆರಡು ಅರಗಳನ್ನು ಹಿಡಿದು ನಿಲ್ಲುವ 6 ತುಂಡುಗಳ ಮರದ ಬಳೆ, ಅದರ ಮೇಲೆ ಕಬ್ಬಿಣದ ಪಟ್ಟಿ ಇರುತ್ತವೆ. ಇಷ್ಟನ್ನೂ ಬಿಗಿಯಾಗಿ ಹಿಡಿದಿಡುವುದು ಆ ಪಟ್ಟಿಯೇ. ಬೇಸಿಗೆಯಲ್ಲಿ ಮರ ಒಣಗಿ ಕುಗ್ಗಿದಾಗ ಪಟ್ಟಿ ಸಡಿಲವಾಗಿ ಅರಗಳು ಅಲುಗಾಡುತ್ತವೆ. ಆಗ ಗಾಡಿಯನ್ನು ಕೆರೆಗಿಳಿಸಿ ಗಾಲಿಯನ್ನು ನೆನೆಸುವ ರೂಢಿಯುಂಟು. ಮರ ಉಬ್ಬಿ ತಾತ್ಕಾಲಿಕವಾಗಿ ಬಿಗಿಯಾಗುವುದು ನಿಜ. ಆದರೆ ಪದೇ ಪದೇ ನೆನೆದು ಒಣಗಿದ ಮರ ಸೀಳು ಬಿಟ್ಟು ಮತ್ತಷ್ಟು ಸಡಿಲವಾಗುತ್ತದೆ.

ಸರಿಯಾದ ಉಪಾಯವೆಂದರೆ ಪಟ್ಟಿಯನ್ನು ಬಿಚ್ಚಿ, ಸ್ವಲ್ಪ ಕತ್ತರಿಸಿ, ಮತ್ತೆ ಬೆಸೆದು, ಮರದ ಬಳೆಗಿಂತ ತುಸು ಚಿಕ್ಕದಾಗಿಸಿ ಬಿಸಿಯಾಗಿ ತೊಡಿಸುವುದು. ಕುಲುಮೆಯವರು ಪಟ್ಟಿಯ ಸುತ್ತ ಬೆರಣಿ ಪೇರಿಸಿ ಉರಿ ಹಾಕುವ ಈ ಕ್ರಿಯೆಯಲ್ಲಿ ಒಂದು ಲೆಕ್ಕಾಚಾರವಿದೆ. ಕಬ್ಬಿಣವು ಪ್ರತಿ ಡಿಗ್ರಿ ಸೆಲ್ಸಿಯಸ್ ಉಷ್ಣತೆಗೆ ತನ್ನ ಉದ್ದದ ದಶಲಕ್ಷದಲ್ಲಿ ಸುಮಾರು 12 ಭಾಗದಷ್ಟು ಹಿಗ್ಗುತ್ತದೆ. 5 ಅಡಿ ಅಡ್ಡಳತೆಯ ಗಾಲಿಯ ಸುತ್ತಳತೆ ಸುಮಾರು 4.8 ಮೀಟರು. ಅದರ ಪಟ್ಟಿಯನ್ನು 400 ಡಿಗ್ರಿಯಷ್ಟು ಕಾಯಿಸಿದರೆ ಅದು 2 ಸೆಂಟಿಮೀಟರಿಗಿಂತ ತುಸು ಹೆಚ್ಚು ಹಿಗ್ಗುತ್ತದೆ. ಹಿಗ್ಗಿದಾಗ ಗಾಲಿಗೆ ತೊಡಿಸಿ ಒಡನೆ ನೀರೆರೆದರೆ ಪಟ್ಟಿ ಕುಗ್ಗಿ, ಎಲ್ಲ ಅರಗಳನ್ನೂ ಗುಂಬದೊಳಕ್ಕೆ ಒತ್ತಿ ಹಿಡಿಯುತ್ತದೆ. ಮೊಳೆ, ಅಂಟುಗಳಿಂದ ಸಾಧ್ಯವಾಗದ ಬಿಗಿ ಇದರಿಂದ ದೊರೆಯುತ್ತದೆ. ಮರ ಪೂರ್ಣವಾಗಿ ಒಣಗಿರುವ ಬೇಸಿಗೆಯಲ್ಲಿಯೇ ಈ ಕೆಲಸ ಮಾಡಿಸಿದರೆ ಮುಂದೆ ಪಟ್ಟಿ ಸಡಿಲವಾಗುವ ಭಯ ಕಡಿಮೆ.

ಅಚ್ಚಿನ ತುದಿಯ ಕಡೆಗೀಲನ್ನು ಮರೆಯಬಾರದು. ಶರಣರ ವಚನಗಳಲ್ಲಿ ಉಪಮೆಯಾಗಿ ಬಂದ ಈ ಪುಟ್ಟ ಕಬ್ಬಿಣದ ತುಂಡು ಸವೆದಿದ್ದರೆ ಹೊಸದನ್ನು ಮಾಡಿಸುವುದು ಅಲ್ಪ ಖರ್ಚಿನ ಕೆಲಸ. ಅದು ದಾರಿಯಲ್ಲಿ ಕಳಚಿಬಿದ್ದರೆ ಗಾಲಿಯೇ ಕಳಚುತ್ತದೆ.

ನಮ್ಮ ಅನುಕೂಲಕ್ಕೆ ತಕ್ಕ ಮಾರ್ಪಾಡು

ಹಳೆಯದನ್ನು ಹಳೆಯದಾಗಿಯೇ ಉಳಿಸಬೇಕೆಂಬ ಹಠ ಎಲ್ಲ ಕಡೆಯೂ ಸಲ್ಲದು. ಮರದ ಗುಂಬದೊಳಗೆ ಕಬ್ಬಿಣದ ಅಚ್ಚು ಉಜ್ಜುವಾಗ ಎತ್ತಿನ ಬಲ ಬಹಳಷ್ಟು ವ್ಯರ್ಥವಾಗುತ್ತದೆ. ಹರಳೆಣ್ಣೆಗೆ ಸುಟ್ಟ ಹುಲ್ಲಿನ ಮಸಿ ಬೆರೆಸಿದ ಕೀಲೆಣ್ಣೆಯನ್ನು ಹಿರಿಯರು ಹಾಕುತ್ತಿದ್ದುದು ಈ ಉಜ್ಜಾಟವನ್ನು ತಗ್ಗಿಸಲೆಂದೇ. ಬಾಲ್ ಬೇರಿಂಗು ಮತ್ತು ಗಾಳಿ ತುಂಬಿದ ಟೈರುಗಳು ಆ ಶ್ರಮವನ್ನು ಇನ್ನೂ ಕಡಿಮೆ ಮಾಡುತ್ತವೆ. ಬೆಂಗಳೂರಿನ ಭಾರತೀಯ ಮ್ಯಾನೇಜ್‌ಮೆಂಟ್ ಸಂಸ್ಥೆಯ ಮೊದಲ ನಿರ್ದೇಶಕರಾಗಿದ್ದ ಪ್ರೊ. ಎನ್.ಎಸ್. ರಾಮಸ್ವಾಮಿಯವರು ಎತ್ತಿನ ಗಾಡಿಯ ಸುಧಾರಣೆಗಾಗಿ ದೀರ್ಘಕಾಲ ಪ್ರಚಾರ ಮಾಡಿದವರು. ಗಾಡಿ ಹಗುರವಾಗಿರಬೇಕು, ಗಾಲಿ ಸರಾಗವಾಗಿ ಉರುಳಬೇಕು, ನೊಗ ಹೆಗಲನ್ನು ಗಾಯಗೊಳಿಸಬಾರದು ಎಂಬುದು ಅವರ ಕಾಳಜಿಯಾಗಿತ್ತು.

ಕಾನೂನೂ ಇದೇ ಮಾತನ್ನು ಹೇಳುತ್ತದೆ. ಎಳೆಯುವ ಮತ್ತು ಹೊರುವ ಪ್ರಾಣಿಗಳ ಮೇಲಣ ಕ್ರೌರ್ಯ ತಡೆಗೆ 1965ರಲ್ಲಿ ಕೇಂದ್ರ ಸರ್ಕಾರ ರಚಿಸಿದ ನಿಯಮಗಳ ಪ್ರಕಾರ, ಚಿಕ್ಕ ಗಾತ್ರದ ಎತ್ತು ಎಳೆಯುವ ಎರಡು ಗಾಲಿಯ ಗಾಡಿಯ ಹೇರು, ಗಾಳಿಟೈರು ಇಲ್ಲದಿದ್ದರೆ 500 ಕಿಲೋ, ಗಾಳಿಟೈರು ಇದ್ದರೆ 750 ಕಿಲೋ, ಬಾಲ್ ಬೇರಿಂಗು ಇದ್ದರೆ 1000 ಕಿಲೋ ಮೀರಬಾರದು. ಬೇರಿಂಗಿನ ಉಪಯೋಗವೆಷ್ಟೆಂಬುದು ಈ ಅಂಕಿಗಳಿಂದಲೇ ಸ್ಪಷ್ಟ. ಹಾಗೆಂದು ಬೇರಿಂಗು ಹಾಕಿಸಿದ ಮರುದಿನವೇ ಹೇರನ್ನು ಇಮ್ಮಡಿಗೊಳಿಸುವುದು ಸಲ್ಲ. ಅದೇ ಹೇರನ್ನು ಎತ್ತು ನಿರಾಯಾಸವಾಗಿ ಎಳೆಯಲಿ ಎಂಬುದು ಈ ಮಾರ್ಪಾಡಿನ ಉದ್ದೇಶವಾಗಿರಲಿ. ಬೇರಿಂಗಿಗೆ ಕೀಲೆಣ್ಣೆ ಸಲ್ಲದೆಂಬುದೂ ನೆನಪಿರಲಿ. ಅದಕ್ಕೆ ಗ್ರೀಸನ್ನೇ ತುಂಬಬೇಕು, ದೂಳು ನುಗ್ಗದಂತೆ ಮುಚ್ಚಳವಿರಬೇಕು.

ಈ ಮಾರ್ಪಾಡಿನೊಡನೆ ಒಂದು ಅಪಾಯವೂ ಬರುತ್ತದೆ. ಸರಾಗವಾಗಿ ಉರುಳುವ ಗಾಡಿ ಇಳಿಜಾರಿನಲ್ಲಿ ತಾನೇ ಮುಂದಕ್ಕೆ ನುಗ್ಗಿ ಎತ್ತುಗಳನ್ನು ತಳ್ಳುತ್ತದೆ. ಆದ್ದರಿಂದ ಬೇರಿಂಗು ಹಾಕಿಸುವವರು ಬ್ರೇಕನ್ನೂ ಹಾಕಿಸತಕ್ಕದ್ದು. ರಾತ್ರಿಯ ಹೊತ್ತು ಹೆದ್ದಾರಿಯನ್ನು ದಾಟಬೇಕಾದ ಗಾಡಿಯ ಹಿಂಬದಿಗೆ, ಗಾಲಿಗಳ ಬದಿಗೆ, ಬೆಳಕು ಬಿದ್ದರೆ ಹೊಳೆಯುವ ಕೆಂಪು ಪಟ್ಟಿ ಅಂಟಿಸುವುದು ಮನೆಯ ಮಕ್ಕಳೂ ಮಾಡಬಹುದಾದ ಕೆಲಸ.

ನೊಗ ಮತ್ತು ತೂಕ

ನೊಗವನ್ನು ಗಾಡಿಯ ಅಳತೆಗಲ್ಲ, ಎತ್ತಿನ ಜೋಡಿಯ ಅಳತೆಗೆ ಮಾಡಿಸಬೇಕು. ನಮ್ಮ ಸೀಮೆಯ ಹಳ್ಳಿಕಾರ್ ತಳಿಯ ಎತ್ತುಗಳು ಚುರುಕು ನಡೆಗೆ ಹೆಸರಾದವು. 2000ನೇ ಇಸವಿಯಲ್ಲಿ ಭಾರತದ ಅಂಚೆ ಇಲಾಖೆ ಈ ತಳಿಯ ಚಿತ್ರವಿರುವ ಅಂಚೆಚೀಟಿಯನ್ನೇ ಹೊರತಂದಿತ್ತು. ಅಂತಹ ಎತ್ತಿನ ಹೆಗಲಿಗೆ ಮತ್ತೊಂದು ಜೋಡಿಯ ಹಳೆಯ ನೊಗ ಒಪ್ಪುವುದಿಲ್ಲ. ಹೆಗಲ ಮೇಲೆ ಕೂರುವ ಭಾಗ ಅಗಲವಾಗಿ, ನುಣುಪಾಗಿ, ಅಂಚುಗಳು ದುಂಡಗಾಗಿರಲಿ. ಮೊಳೆಯ ತಲೆ, ಸಿಬಿರು ಎಲ್ಲಿಯೂ ಇರಕೂಡದು. ಕೈಯಾಡಿಸಿ ನೋಡಿ, ನಿಮ್ಮ ಅಂಗೈಗೆ ಚುಚ್ಚಿದ್ದು ಅದರ ಹೆಗಲಿಗೂ ಚುಚ್ಚುತ್ತದೆ.

ಹೇರು ಹಿಂದೆ ಹೆಚ್ಚಾದರೆ ಮೂಕಿ ಮೇಲೆದ್ದು ಕೊರಳ ಹಗ್ಗ ಬಿಗಿಯುತ್ತದೆ. ಮುಂದೆ ಹೆಚ್ಚಾದರೆ ಹೆಗಲು ಕುಸಿಯುತ್ತದೆ. ಹಾಸುಹಲಗೆಯನ್ನು ಹೊಸದಾಗಿ ಕೂರಿಸುವಾಗ ಅಚ್ಚು ಹೇರಿನ ಮಧ್ಯಕ್ಕೆ ಬರುವಂತೆ ನೋಡಿಕೊಂಡರೆ ಈ ತೊಂದರೆ ನೀಗುತ್ತದೆ.

ದುಡಿಮೆಯ ಹೊತ್ತಿಗೂ ಮಿತಿಯಿದೆ. ಮೇಲೆ ಹೇಳಿದ ನಿಯಮಗಳಂತೆ ಎತ್ತನ್ನು ದಿನಕ್ಕೆ ಒಟ್ಟು 9 ಗಂಟೆಗಿಂತ ಹೆಚ್ಚು, ವಿಶ್ರಾಂತಿಯಿಲ್ಲದೆ ಸತತ 5 ಗಂಟೆಗಿಂತ ಹೆಚ್ಚು ದುಡಿಸುವಂತಿಲ್ಲ. ಉಷ್ಣತೆ 37 ಡಿಗ್ರಿ ಮೀರಿದ ಪ್ರದೇಶದಲ್ಲಿ ಮಧ್ಯಾಹ್ನ 12ರಿಂದ 3ರವರೆಗೆ ಹೂಡುವಂತಿಲ್ಲ. ತುಮಕೂರಿನಿಂದ ಗುಬ್ಬಿಗೆ ಸುಮಾರು 20 ಕಿಲೋಮೀಟರು. ಗಂಟೆಗೆ ಮೂರು-ನಾಲ್ಕು ಕಿಲೋಮೀಟರು ನಡೆಯುವ ಗಾಡಿಗೆ ಇದು ಐದಾರು ಗಂಟೆಯ ಹಾದಿ. ಹೀಗಿರುವಾಗ ನಡುದಾರಿಯಲ್ಲಿ ಕೊರಳು ಬಿಚ್ಚಿ, ನೀರು ಕುಡಿಸಿ, ಮೇವು ಹಾಕುವುದು ಕಡ್ಡಾಯವೆಂದೇ ತಿಳಿಯಬೇಕು.

ಕಾಯಕಕ್ಕೆ ಗೌರವ

ಇಷ್ಟೆಲ್ಲ ಆದ ಮೇಲೆ ಅಗಸೆ ಎಣ್ಣೆ ಕುಡಿಸಿದ ಮರಕ್ಕೆ ಮನೆಯವರಿಗೆ ಒಪ್ಪಿದ ಬಣ್ಣ ಬಳಿಯಬಹುದು. ಅಜ್ಜನ ಕಾಲದ ಹಿತ್ತಾಳೆಯ ಗುಬಟು, ಕೆತ್ತನೆಯ ಹಲಗೆ ಇದ್ದರೆ ಅವನ್ನು ತಿಕ್ಕಿ ತೊಳೆದು ಅದೇ ಜಾಗದಲ್ಲಿ ಕೂರಿಸಿ. ಅವು ಮನೆತನದ ನೆನಪುಗಳು. ದುರಸ್ತಿಗೆ ಮೀರಿದ ಗಾಡಿಯಾಗಿದ್ದರೂ ಅದರ ಪಟ್ಟಿ, ಅಚ್ಚು, ಗಟ್ಟಿಯಾಗಿರುವ ಅರಗಳು ಮತ್ತೊಂದು ಗಾಡಿಗೆ ಉಪಯೋಗವಾಗಬಹುದು.

ಗಾಲಿ ಕಟ್ಟಬಲ್ಲ ಬಡಗಿಗಳು, ಪಟ್ಟಿ ತೊಡಿಸಬಲ್ಲ ಕಮ್ಮಾರರು ಈಗ ವಿರಳ. ಅಂಥವರು ಊರಿನಲ್ಲಿ ಇನ್ನೂ ಇದ್ದರೆ ಅವರ ಕೂಲಿಯಲ್ಲಿ ಚೌಕಾಸಿ ಮಾಡುವುದು ತರವಲ್ಲ. ಕಲ್ಯಾಣದ ಶರಣಸಂಕುಲದಲ್ಲಿ ಬಡಗಿಯ ಕಾಯಕದ ಬಾಚಿಕಾಯಕದ ಬಸವಯ್ಯನೂ, ಬೇಸಾಯದ ಕಾಯಕದ ಒಕ್ಕಲಿಗ ಮುದ್ದಣ್ಣನೂ ಒಂದೇ ಸಾಲಿನಲ್ಲಿ ಕುಳಿತವರು. ಕೆಲಸ ನಡೆಯುವಾಗ ಮನೆಯ ಮಕ್ಕಳನ್ನೂ ಬಳಿಯಲ್ಲಿ ನಿಲ್ಲಿಸಿಕೊಳ್ಳಿ. ಕಾದ ಪಟ್ಟಿ ನೀರು ಬಿದ್ದೊಡನೆ ಮರವನ್ನು ಬಿಗಿಹಿಡಿಯುವುದನ್ನು ಅವರು ಕಣ್ಣಾರೆ ಕಾಣಲಿ.

ಸಿದ್ಧಗಂಗೆಯ ದನಗಳ ಜಾತ್ರೆಯಲ್ಲಿ ಹೊಸ ಜೋಡಿ ಕೊಳ್ಳುವವರಿಗೆ ನಮ್ಮದೊಂದು ವಿನಂತಿ. ಎತ್ತುಗಳು ಮನೆಗೆ ಬಂದ ವಾರದಲ್ಲಿಯೇ ಅವುಗಳ ಹೆಗಲಿನ ಅಳತೆ ತೆಗೆಯಿಸಿ. ಶಿವರಾತ್ರಿಯಿಂದ ಮುಂಗಾರಿನವರೆಗೆ ಸುಮಾರು ಮೂರು ತಿಂಗಳ ಒಣಹವೆ ದೊರೆಯುತ್ತದೆ. ನೊಗ, ಗಾಲಿ, ಅಚ್ಚುಗಳ ಕೆಲಸವನ್ನು ಅಷ್ಟರೊಳಗೆ ಮುಗಿಸಿದರೆ, ಮೊದಲ ಮಳೆಗೆ ಗೊಬ್ಬರ ಹೊರುವ ಹೊತ್ತಿಗೆ ಗಾಡಿ ಸಿದ್ಧವಾಗಿರುತ್ತದೆ.