ರೇಷ್ಮೆಹುಳುವಿನ ಜ್ವರವೂ ರೋಗವೂ

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಈ ನಾಲ್ಕು ಸೀಮೆಗಳ ರೇಷ್ಮೆ ಬೇಸಾಯಗಾರರ ಮಾತಿನಲ್ಲಿ ಜ್ವರವೆಂಬ ಪದಕ್ಕೆ ಒಂದು ವಿಶೇಷಾರ್ಥವುಂಟು. ಹುಳುವು ಪೊರೆಯನ್ನು ಕಳಚುವುದಕ್ಕೆ ಮುಂಚೆ ಮೇವನ್ನು ಬಿಟ್ಟು, ತಲೆಯನ್ನೆತ್ತಿ, ಅಲುಗದೆ ಸುಮಾರು ಒಂದು ದಿನ ನಿಲ್ಲುವುದು. ಇದನ್ನೇ ಅವರು ಹುಳು ಜ್ವರಕ್ಕೆ ಕುಳಿತಿತೆನ್ನುವರು. ಮೊಟ್ಟೆಯೊಡೆದು ಬಂದಂದಿನಿಂದ ಗೂಡು ಕಟ್ಟುವವರೆಗೆ ಇಂತಹ ಜ್ವರಗಳು ನಾಲ್ಕು. ಇದು ವ್ಯಾಧಿಯಲ್ಲ, ಬೆಳವಣಿಗೆಯ ಕ್ರಮ. ಆದರೆ ನಿಜವಾದ ರೋಗದಲ್ಲಿಯೂ ಹುಳುವು ಮೇವನ್ನು ಬಿಡುವುದರಿಂದ, ಇವೆರಡರ ಭೇದವನ್ನು ಅರಿಯುವುದು ಸಾಕಣೆಯ ಮೊದಲ ಪಾಠವಾಗಿದೆ. ಅರಿಯುವುದು ತಡವಾದರೆ ಮನೆಮಂದಿಯ ಸುಮಾರು ಒಂದು ತಿಂಗಳ ದುಡಿಮೆಯೂ ತೋಟದ ಸೊಪ್ಪೂ ಒಟ್ಟಿಗೆ ನಷ್ಟವಾಗುವುವು.

ಜ್ವರದಲ್ಲಿ ತಟ್ಟೆಯ ಹುಳುಗಳು ಹೆಚ್ಚುಕಡಿಮೆ ಒಟ್ಟಿಗೆ ಕೂರುವುವು, ಒಟ್ಟಿಗೆ ಏಳುವುವು. ಕೆಲವು ಎದ್ದು ಮೇಯುತ್ತಿರುವಾಗ ಕೆಲವು ಇನ್ನೂ ಕುಳಿತಿದ್ದರೆ, ಗಾತ್ರದಲ್ಲಿ ಏರುಪೇರು ಕಂಡರೆ, ಸಂದೇಹಕ್ಕೆ ಕಾರಣವುಂಟು. ಸೊಪ್ಪನ್ನು ಸಮವಾಗಿ ಹರಡದಿದ್ದರೂ ಹೀಗಾಗಬಹುದು. ಅದಲ್ಲವೆಂದು ನಿಶ್ಚಯವಾದ ಮೇಲೆ ರೋಗಲಕ್ಷಣಗಳನ್ನು ಹುಡುಕತಕ್ಕುದು.

ರೋಗಗಳಲ್ಲಿ ಮುಖ್ಯವಾದುವು ನಾಲ್ಕು. ಹಾಲುತೊಂಡೆ ರೋಗವು ವೈರಸ್ಸಿನಿಂದ ಬರುವುದು. ಹುಳುವಿನ ಗೆಣ್ಣುಗಳ ನಡುವೆ ಚರ್ಮವು ಉಬ್ಬಿ ಹೊಳೆಯುವುದು. ಹುಳು ನೆಲೆನಿಲ್ಲದೆ ತಟ್ಟೆಯ ಅಂಚಿನಲ್ಲಿ ತೆವಳುವುದು. ಚರ್ಮವು ಸ್ವಲ್ಪ ಸೋಂಕಿದರೂ ಹರಿದು ಹಾಲಿನಂತಹ ದ್ರವವು ಒಸರುವುದು. ಸಪ್ಪೆ ರೋಗದಲ್ಲಿ ಹುಳು ಮೆತ್ತಗಾಗಿ, ಕಕ್ಕಿ, ಸತ್ತ ಮೇಲೆ ಕಪ್ಪಾಗಿ ನಾರುವುದು. ಸೆಕೆಯೂ ಕೆಟ್ಟ ಸೊಪ್ಪೂ ಇದಕ್ಕೆ ಸಹಾಯಕಗಳು. ಸುಣ್ಣಕಟ್ಟು ರೋಗವು ಮಳೆಗಾಲ ಚಳಿಗಾಲಗಳ ತೇವದಲ್ಲಿ ಹೆಚ್ಚು. ಸತ್ತ ಹುಳು ಗಟ್ಟಿಯಾಗಿ, ಸುಣ್ಣದ ಕಡ್ಡಿಯಂತೆ ಬೆಳ್ಳಗಾಗುವುದು. ಇದಕ್ಕೆ ಕಾರಣವು ಸಜೀವವಾದ ಒಂದು ಬೂಷ್ಟೆಂದು ಇಟಲಿಯ ಆಗಸ್ಟೀನೋ ಬಾಸ್ಸಿಯು 1835ರಲ್ಲಿ ಪ್ರಕಟಿಸಿದನು. ಪ್ರಾಣಿಯ ರೋಗಕ್ಕೆ ಸೂಕ್ಷ್ಮಜೀವಿಯು ಕಾರಣವೆಂಬುದನ್ನು ತೋರಿಸಿದ ಮೊದಲ ಸಂಶೋಧನೆಗಳಲ್ಲಿ ಇದೊಂದು.

ನಾಲ್ಕನೆಯದಾದ ಗಂಟು ರೋಗವು ಎಲ್ಲಕ್ಕಿಂತ ವಂಚಕವಾದುದು. ಹುಳುಗಳು ಒಂದೇ ಸಮನೆ ಬೆಳೆಯವು. ಮೈಮೇಲೆ ಕೆಲವೊಮ್ಮೆ ಮೆಣಸಿನ ಪುಡಿ ಉದುರಿಸಿದಂತೆ ಕರಿಯ ಚುಕ್ಕೆಗಳು ತೋರುವುವು. ಇದು ತಾಯಿಯಿಂದ ಮೊಟ್ಟೆಗೇ ಇಳಿಯುವುದರಿಂದ, ಬರಿಗಣ್ಣಿಗೆ ಕಾಣುವಷ್ಟರಲ್ಲಿ ಕಾಲವು ಮೀರಿರುವುದು. ಫ್ರಾನ್ಸಿನ ಲೂಯಿ ಪಾಶ್ಚರನು 1865ರಿಂದ ಕೆಲವು ವರ್ಷಗಳು ಇದನ್ನು ಪರಿಶೀಲಿಸಿ, ಮೊಟ್ಟೆಯಿಟ್ಟ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಿಂದ ನೋಡುವ ಕ್ರಮವನ್ನು ಸ್ಥಾಪಿಸಿದನು. ಹೊಳೆಯುವ ಅಂಡಾಕಾರದ ಕಣಗಳು ಕಂಡರೆ ಆ ಚಿಟ್ಟೆಯ ಮೊಟ್ಟೆಗಳನ್ನು ಸುಡತಕ್ಕುದು. ಬಿತ್ತನೆಯ ಕೇಂದ್ರಗಳಲ್ಲಿ ಇಂದಿಗೂ ಈ ಪರೀಕ್ಷೆಯೇ ಆಧಾರ. ಪರೀಕ್ಷಿಸಿದ ಮೊಟ್ಟೆಯನ್ನೇ ಕೊಳ್ಳಬೇಕೆಂಬ ಉಪದೇಶದ ಅರ್ಥವಿದು.

ಇವಲ್ಲದೆ 1980ರಲ್ಲಿ ಕರ್ನಾಟಕವನ್ನು ಹೊಕ್ಕ ಊಜಿ ನೊಣವೊಂದುಂಟು. ಅದು ಹುಳುವಿನ ಮೈಮೇಲೆ ಮೊಟ್ಟೆಯಿಡುವುದು. ಮರಿಯು ಒಳಹೊಕ್ಕ ಸ್ಥಳದಲ್ಲಿ ಕರಿಯ ಮಚ್ಚೆಯು ಉಳಿಯುವುದು. ಬಾಗಿಲು ಕಿಟಕಿಗಳಿಗೆ ಬಲೆ ಕಟ್ಟುವುದೇ ಇದಕ್ಕೆ ಮೊದಲ ತಡೆ.

ಇನ್ನು ಚಿಕಿತ್ಸೆ. ಈ ನಾಲ್ಕು ರೋಗಗಳಲ್ಲಿ ಯಾವುದು ತಗುಲಿದರೂ ಹುಳುವನ್ನು ಬದುಕಿಸುವ ಮದ್ದನ್ನು ನೆಚ್ಚುವಂತಿಲ್ಲ. ಚಿಕಿತ್ಸೆಯು ಉಳಿದ ಹುಳುಗಳಿಗೂ ಮನೆಗೂ ಸಲ್ಲತಕ್ಕುದು. ರೋಗದ ಹುಳುಗಳನ್ನು ಕಡ್ಡಿಯಿಂದ ಆಯ್ದು ಸುಣ್ಣದ ನೀರಿಗೆ ಹಾಕಿ, ಅನಂತರ ಸುಡಬೇಕು ಅಥವಾ ಆಳವಾಗಿ ಹೂಳಬೇಕು. ತೋಟಕ್ಕಾಗಲಿ ತಿಪ್ಪೆಗಾಗಲಿ ಎಸೆಯಲಾಗದು. ಮುಟ್ಟಿದ ಕೈಯನ್ನು ತೊಳೆಯದೆ ಬೇರೊಂದು ತಟ್ಟೆಯನ್ನು ಮುಟ್ಟಲಾಗದು. ಹುಳು ಜ್ವರಕ್ಕೆ ಕುಳಿತಾಗ ಸುಣ್ಣದ ಪುಡಿಯನ್ನು ತೆಳುವಾಗಿ ಎರಚಿ ಹಾಸಿಗೆಯನ್ನು ಒಣಗಿಸಬೇಕು. ದೊಡ್ಡ ಹುಳುಗಳಿಗೆ 24ರಿಂದ 25 ಡಿಗ್ರಿ ಸೆಲ್ಸಿಯಸ್ ಉಷ್ಣವೂ ನೂರಕ್ಕೆ 70ರಿಂದ 75ರಷ್ಟು ತೇವವೂ ಹಿತಕರ. ಗಂಟು ರೋಗವು ಖಚಿತವಾದರೆ ಆಯುವುದರಿಂದ ಫಲವಿಲ್ಲ. ಇಡೀ ಬೆಳೆಯನ್ನೇ ನಾಶಮಾಡಬೇಕು. ಇದು ಕಠಿನವಾದರೂ ನೆರೆಯ ಮನೆಗಳನ್ನು ಉಳಿಸುವ ಮಾರ್ಗ.

ಬೆಳೆ ಮುಗಿದೊಡನೆಯೂ ಮುಂದಿನ ಬೆಳೆಗೆ ಮುನ್ನವೂ ಮನೆ, ತಟ್ಟೆ, ಚಂದ್ರಿಕೆಗಳನ್ನು ತೊಳೆದು, ನೂರಕ್ಕೆ 2ರಷ್ಟು ಬ್ಲೀಚಿಂಗ್ ಪುಡಿಯ ಅಥವಾ ಫಾರ್ಮಲಿನ್ನಿನ ದ್ರಾವಣದಿಂದ ಶುದ್ಧಿಮಾಡಿ, ಬಿಸಿಲಿಗೆ ಹಾಕುವುದು ಅವಶ್ಯ. ಹುಳುವಿನ ವೈದ್ಯವು ಹುಳು ಮನೆಗೆ ಬರುವುದಕ್ಕೆ ಮುಂಚೆಯೇ ಮುಗಿದಿರಬೇಕಾದುದು. ಆಮೇಲೆ ಉಳಿಯುವುದು ದಿನಕ್ಕೆ ಹಲವು ಸಲ ತಟ್ಟೆಯನ್ನು ನೋಡುವ ಕಣ್ಣೊಂದೇ.