ಫಲನಪ್ರಧಾನ ಭಾಷೆಯ ವೆಬ್ ತಂತ್ರಾಂಶದಲ್ಲಿ ಲಾಗಿನ್ ಸೆಷನ್ನಿನ ದೋಷವಿಚಾರ

ಜಾಲತಾಣವೊಂದರಲ್ಲಿ ಬಳಕೆದಾರನು ತನ್ನ ಹೆಸರನ್ನೂ ಗುಪ್ತಪದವನ್ನೂ ಕೊಟ್ಟು ಒಳಹೊಗುತ್ತಾನೆ. ಸ್ವಾಗತದ ಪುಟವು ತೆರೆಯುತ್ತದೆ. ಅಲ್ಲಿಂದ ಮತ್ತೊಂದು ಪುಟಕ್ಕೆ ಹೋಗಲು ಒತ್ತಿದೊಡನೆ ‘ಮೊದಲು ಲಾಗಿನ್ ಆಗಿರಿ’ ಎಂಬ ಪುಟವೇ ತಿರುಗಿ ಎದುರಾಗುತ್ತದೆ. ಗುಪ್ತಪದದಲ್ಲಿ ತಪ್ಪಿಲ್ಲ, ಸರ್ವರ್ ಕೆಟ್ಟಿಲ್ಲ, ದೋಷಸೂಚನೆಯೊಂದೂ ದಾಖಲೆಯಲ್ಲಿ ಕಾಣದು. ಕ್ಷಣದ ಹಿಂದೆ ಗುರುತಿಸಿದವನನ್ನೇ ತಂತ್ರಾಂಶವು ಮರುಕ್ಷಣದಲ್ಲಿ ಅರಿಯದೆ ಹೋಗುತ್ತದೆ. ಈ ವ್ಯಾಧಿಯು ಯಾವ ಭಾಷೆಯಲ್ಲಿ ಬರೆದ ವೆಬ್ ತಂತ್ರಾಂಶಕ್ಕಾದರೂ ತಗಲಬಹುದಾದುದೇ ಸರಿ. ಆದರೆ ಫಲನಪ್ರಧಾನ ಭಾಷೆಗಳಲ್ಲಿ ಇದರ ನಿದಾನಕ್ರಮವು ಬೇರೆಯಾಗಿರುವುದರಿಂದಲೂ, ಇತರ ಭಾಷೆಗಳ ಅಭ್ಯಾಸದಿಂದ ಬಂದವರು ಇಲ್ಲಿ ಪದೇ ಪದೇ ಎಡವುವುದರಿಂದಲೂ, ವಿಷಯವು ಪ್ರತ್ಯೇಕ ವಿಚಾರಣೆಗೆ ಅರ್ಹವಾಗಿದೆ. ಪ್ರಕೃತ ಲೇಖನದಲ್ಲಿ ಕ್ಲೋಜರ್ ಎಂಬ ಭಾಷೆಯನ್ನೂ, ಅದರಲ್ಲಿ ವೆಬ್ ತಂತ್ರಾಂಶ ಬರೆಯುವವರು ಹೆಚ್ಚಾಗಿ ಆಶ್ರಯಿಸುವ ರಿಂಗ್ ಎಂಬ ಲೈಬ್ರರಿಯನ್ನೂ ಉದಾಹರಣೆಯಾಗಿ ಗ್ರಹಿಸಲಾಗಿದೆ.

ಫಲನವೆಂದರೆ ಗಣಿತಶಾಸ್ತ್ರದಲ್ಲಿ ಪ್ರಸಿದ್ಧವಾದ ಫಂಕ್ಷನ್ನೇ: ಕೊಟ್ಟ ಮೌಲ್ಯಕ್ಕೆ ನಿಯತವಾದ ಫಲವನ್ನು ಹಿಂದಿರುಗಿಸತಕ್ಕುದು. ಅಲೊಂಜೊ ಚರ್ಚ್ ಎಂಬ ಅಮೆರಿಕದ ತರ್ಕಶಾಸ್ತ್ರಜ್ಞನು 1930ರ ದಶಕದಲ್ಲಿ ರಚಿಸಿದ ಲ್ಯಾಂಬ್ಡಾ ಕಲನವು ಈ ಭಾಷೆಗಳಿಗೆಲ್ಲ ಮೂಲಾಧಾರ. ಜಾನ್ ಮೆಕಾರ್ಥಿಯು 1958ರಲ್ಲಿ ಆರಂಭಿಸಿದ ಲಿಸ್ಪ್ ಭಾಷೆಯ ವಂಶದಲ್ಲಿ ಹುಟ್ಟಿದುದು ಕ್ಲೋಜರ್. ಇದನ್ನು ರಿಚ್ ಹಿಕಿ 2007ರಲ್ಲಿ ಪ್ರಕಟಿಸಿದನು. ರಿಂಗ್ ಲೈಬ್ರರಿಯು 2009ರಲ್ಲಿ ಹೊರಬಂದಿತು. ಈ ಭಾಷೆಯಲ್ಲಿ ಒಮ್ಮೆ ಉಂಟಾದ ಮೌಲ್ಯವು ಬದಲಾಗುವುದಿಲ್ಲ. ಅದಕ್ಕೆ ಏನನ್ನಾದರೂ ಸೇರಿಸಿದರೆ ಸೇರಿಸಿದ ಹೊಸ ಮೌಲ್ಯವೊಂದು ಹುಟ್ಟುವುದೇ ಹೊರತು, ಹಳೆಯದು ಹಳೆಯದಾಗಿಯೇ ಉಳಿಯುತ್ತದೆ. ಈ ಒಂದು ನಿಯಮವನ್ನು ವಾಚಕರು ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನ ವಿಚಾರದ ಅರ್ಧಭಾಗವು ತಾನಾಗಿಯೇ ವಿಶದವಾಗುವುದು.

ಇನ್ನು, ಬ್ರೌಸರಿಗೂ ಸರ್ವರಿಗೂ ನಡುವೆ ನಡೆಯುವ ಎಚ್‌ಟಿಟಿಪಿ ಎಂಬ ವ್ಯವಹಾರಕ್ಕೆ ಸ್ವಭಾವತಃ ನೆನಪಿಲ್ಲ. ಪ್ರತಿಯೊಂದು ಕೋರಿಕೆಯೂ ಅಪರಿಚಿತನ ಕೋರಿಕೆಯಂತೆಯೇ ಬಂದು, ಉತ್ತರವನ್ನು ಪಡೆದು ಹೋಗುತ್ತದೆ. ಈ ಕೊರತೆಯನ್ನು ತುಂಬಲೆಂದು ನೆಟ್‌ಸ್ಕೇಪ್ ಸಂಸ್ಥೆಯಲ್ಲಿದ್ದ ಲೂ ಮಾಂಟುಲಿ 1994ರಲ್ಲಿ ಕುಕಿಯನ್ನು ಕಲ್ಪಿಸಿದನು. ಸರ್ವರ್ ತನ್ನ ಉತ್ತರದೊಡನೆ ಒಂದು ಗುರುತಿನ ಚೀಟಿಯನ್ನು ಕೊಡುವುದು, ಬ್ರೌಸರ್ ಅದನ್ನು ಇಟ್ಟುಕೊಂಡು ಮುಂದಿನ ಕೋರಿಕೆಗಳೊಡನೆ ತೋರಿಸುವುದು: ಇಷ್ಟೇ ಇದರ ತಿರುಳು. ‘ಅಂದು ಕಂಡ ದೇವದತ್ತನೇ ಇವನು’ ಎಂಬ ಜ್ಞಾನವನ್ನು ನೈಯಾಯಿಕರು ಪ್ರತ್ಯಭಿಜ್ಞೆಯೆಂದು ಕರೆದು, ಎದುರಿಗಿರುವುದನ್ನು ಇಂದ್ರಿಯವು ಮುಟ್ಟುವುದೂ ಹಿಂದಿನ ಅನುಭವದ ಸಂಸ್ಕಾರವು ಉಳಿದಿರುವುದೂ ಎರಡೂ ಕೂಡಿದಾಗಲೇ ಅದು ಉಂಟಾಗುವುದೆಂದು ನಿರೂಪಿಸಿದ್ದಾರೆ. ಲಾಗಿನ್ ಸೆಷನ್ನೂ ಅಂಥದೇ. ಬ್ರೌಸರ್ ತೋರಿಸುವ ಕುಕಿಯು ಮೊದಲನೆಯ ಅಂಗ; ಸರ್ವರಿನ ಭಂಡಾರದಲ್ಲಿ ಆ ಕುಕಿಯ ಹೆಸರಿನಲ್ಲಿ ಉಳಿದಿರುವ ಸೆಷನ್ ಎರಡನೆಯದು. ಎರಡರಲ್ಲಿ ಒಂದು ತಪ್ಪಿದರೂ ಫಲವು ಒಂದೇ, ಬಳಕೆದಾರನು ಅಪರಿಚಿತನಾಗುತ್ತಾನೆ. ಹೊರಗಿನ ಲಕ್ಷಣವು ಒಂದೇ ಆಗಿರುವುದರಿಂದಲೇ ದೋಷವು ಯಾವ ಕಡೆಯಲ್ಲಿದೆಯೆಂಬುದನ್ನು ಮೊದಲು ವಿಂಗಡಿಸದೆ ಚಿಕಿತ್ಸೆಗೆ ಕೈಹಾಕುವುದು ವ್ಯರ್ಥ.

ರಿಂಗ್ ಪದ್ಧತಿಯಲ್ಲಿ ಕೋರಿಕೆಯೂ ಉತ್ತರವೂ ಕೀಲಿ ಮತ್ತು ಮೌಲ್ಯಗಳ ಜೋಡಿಗಳುಳ್ಳ ಮ್ಯಾಪ್‌ಗಳು. ಹ್ಯಾಂಡ್ಲರ್ ಎಂಬ ಫಲನವು ಕೋರಿಕೆಯ ಮ್ಯಾಪನ್ನು ತೆಗೆದುಕೊಂಡು ಉತ್ತರದ ಮ್ಯಾಪನ್ನು ಕೊಡುತ್ತದೆ. ‘ವ್ರಾಪ್-ಸೆಷನ್’ ಎಂಬುದು ಅದರ ಸುತ್ತಲಿನ ಹೊದಿಕೆ. ಅದು ಒಳಬರುವ ಕೋರಿಕೆಯ ಕುಕಿಯನ್ನು ನೋಡಿ, ಭಂಡಾರದಿಂದ ಸೆಷನ್ನನ್ನು ತೆಗೆದು, ಕೋರಿಕೆಯಲ್ಲಿ ‘ಸೆಷನ್’ ಎಂಬ ಕೀಲಿಯ ಕೆಳಗೆ ಇಡುತ್ತದೆ. ಹೊರಹೋಗುವ ಉತ್ತರದಲ್ಲಿ ಅದೇ ಹೆಸರಿನ ಕೀಲಿಯಿದ್ದರೆ ಅದರ ಮೌಲ್ಯವನ್ನು ಭಂಡಾರದಲ್ಲಿ ಬರೆಯುತ್ತದೆ. ಇಲ್ಲಿ ಮೂರು ಪ್ರಸಂಗಗಳನ್ನು ಬೇರ್ಪಡಿಸಿ ತಿಳಿಯತಕ್ಕದ್ದು. ಉತ್ತರದಲ್ಲಿ ಕೀಲಿಯೇ ಇಲ್ಲದಿದ್ದರೆ ಸೆಷನ್ ಇದ್ದಂತೆಯೇ ಇರುತ್ತದೆ. ಕೀಲಿಯಿದ್ದು ಅದರ ಮೌಲ್ಯವು ‘ನಿಲ್’, ಅಂದರೆ ಶೂನ್ಯವಾಗಿದ್ದರೆ ಸೆಷನ್ ಅಳಿಸಲ್ಪಡುತ್ತದೆ. ಬೇರೆ ಮೌಲ್ಯವಿದ್ದರೆ ಹಳೆಯದರ ಸ್ಥಾನದಲ್ಲಿ ಅದೊಂದೇ ನಿಲ್ಲುತ್ತದೆ. ಅಭಾವಕ್ಕೂ ಶೂನ್ಯಕ್ಕೂ ಇಷ್ಟು ಭೇದವಿರುವುದು ಹೊಸಬರಿಗೆ ವಿಚಿತ್ರವಾಗಿ ತೋರಬಹುದು; ತಾರ್ಕಿಕರಿಗೆ ತೋರಲಾರದು.

ಈ ಕೊಡುಕೊಳೆಯನ್ನು ಅರಿಯದೆ ಮಾಡುವ ತಪ್ಪುಗಳಲ್ಲಿ ಮೊದಲನೆಯದು ಹೀಗಿದೆ. ಹ್ಯಾಂಡ್ಲರನ್ನು ಬರೆಯುವವನು ಉತ್ತರವನ್ನು ಸಿದ್ಧಪಡಿಸಿ, ಮುಂದಿನ ಸಾಲಿನಲ್ಲಿ ‘ಅಸೋಕ್’ ಎಂಬ ಫಲನದಿಂದ ಅದಕ್ಕೆ ಸೆಷನ್ನನ್ನು ಸೇರಿಸಿ, ಕೊನೆಯ ಸಾಲಿನಲ್ಲಿ ಮೊದಲಿನ ಉತ್ತರವನ್ನೇ ಹಿಂದಿರುಗಿಸುತ್ತಾನೆ. ಮೌಲ್ಯವನ್ನು ಇದ್ದಲ್ಲಿಯೇ ತಿದ್ದುವ ಭಾಷೆಗಳಲ್ಲಿ ಇದು ಸರಿಯಾದ ಕ್ರಮವೇ. ಕ್ಲೋಜರಿನಲ್ಲಾದರೋ ‘ಅಸೋಕ್’ ಕೊಟ್ಟ ಹೊಸ ಉತ್ತರವನ್ನು ಯಾರೂ ಕೈಗೆ ತೆಗೆದುಕೊಳ್ಳದೆ ಅದು ನಷ್ಟವಾಗಿ, ಸೆಷನ್ ಇಲ್ಲದ ಹಳೆಯ ಉತ್ತರವೇ ಹೊರಹೋಗುತ್ತದೆ. ಭಾಷೆಯ ದೃಷ್ಟಿಯಲ್ಲಿ ಇಲ್ಲಿ ತಪ್ಪೇ ನಡೆದಿಲ್ಲ. ಆದುದರಿಂದ ದೂರುವ ಸೂಚನೆಯೂ ಬರುವುದಿಲ್ಲ. ಎರಡನೆಯ ತಪ್ಪು ಇದಕ್ಕೆ ವಿಪರೀತವಾದುದು. ಬಳಕೆದಾರನ ಭಾಷಾಭಿರುಚಿಯನ್ನೋ ಖರೀದಿಯ ಪಟ್ಟಿಯನ್ನೋ ನೆನಪಿಡಬೇಕೆಂದು ಒಂದು ಹ್ಯಾಂಡ್ಲರ್ ಉತ್ತರದಲ್ಲಿ ಹೊಸ ಸೆಷನ್ನನ್ನು ಇಡುತ್ತದೆ. ಆ ಹೊಸ ಮ್ಯಾಪಿನಲ್ಲಿ ಪಟ್ಟಿಯೊಂದೇ ಇದ್ದು, ಲಾಗಿನ್ನಿನ ಗುರುತು ಇಲ್ಲ. ಹಳೆಯದರ ಸ್ಥಾನದಲ್ಲಿ ಹೊಸದು ನಿಂತೊಡನೆ ಬಳಕೆದಾರನು ಹೊರಗಾಗುತ್ತಾನೆ. ಲಾಗಿನ್ ಪುಟದಲ್ಲಿ ಎಷ್ಟು ಹುಡುಕಿದರೂ ಈ ದೋಷವು ಸಿಕ್ಕದು, ಅದಿರುವುದು ಪಟ್ಟಿಯ ಪುಟದಲ್ಲಿ. ಕೋರಿಕೆಯೊಡನೆ ಬಂದ ಸೆಷನ್ನನ್ನೇ ತೆಗೆದುಕೊಂಡು ಅದಕ್ಕೆ ಸೇರಿಸಿದುದನ್ನು ಉತ್ತರದಲ್ಲಿಡುವುದೇ ಸರಿಯಾದ ಮಾರ್ಗ. ಹಾಗೆ ಮಾಡಿದರೂ ಒಂದೇ ಬ್ರೌಸರಿನಿಂದ ಎರಡು ಕೋರಿಕೆಗಳು ಏಕಕಾಲಕ್ಕೆ ಬಂದು ಎರಡೂ ಸೆಷನ್ನನ್ನು ಬರೆದರೆ, ಕಡೆಗೆ ಬರೆದುದೇ ಉಳಿದು ಇನ್ನೊಂದರ ಸೇರ್ಪಡೆಯು ಅಳಿಯುವ ಸಂಭವ ಉಂಟು. ಕೆಲವು ಸಲ ಮಾತ್ರ ಕಾಣಿಸಿಕೊಳ್ಳುವ ದೋಷಕ್ಕೆ ಇದು ಕಾರಣವಾಗಿರಬಹುದು.

ವಿಂಗಡಣೆಯ ಉಪಾಯವು ಸರಳವಾದುದು. ಬ್ರೌಸರಿನಲ್ಲಿಯೇ ಇರುವ ಪರಿಶೀಲನೆಯ ಕಿಟಕಿಯನ್ನು ತೆರೆದು, ಲಾಗಿನ್ನಿನ ಉತ್ತರದಲ್ಲಿ ‘ಸೆಟ್-ಕುಕಿ’ ಎಂಬ ಶಿರೋಲೇಖವಿದೆಯೇ ಎಂದು ನೋಡುವುದು. ರಿಂಗ್ ಬೇರೆ ಹೆಸರನ್ನು ಹೇಳದಿದ್ದರೆ ಕುಕಿಗೆ ‘ರಿಂಗ್-ಸೆಷನ್’ ಎಂದು ಹೆಸರಿಡುತ್ತದೆ. ಹಳೆಯ ಕುಕಿಯನ್ನೆಲ್ಲ ಅಳಿಸಿ ಲಾಗಿನ್ ಆದ ಮೇಲೂ ಆ ಶಿರೋಲೇಖವಿಲ್ಲವಾದರೆ ಉತ್ತರದ ಸೆಷನ್ ಹೊದಿಕೆಯನ್ನು ಮುಟ್ಟಿಯೇ ಇಲ್ಲ. ಮೇಲೆ ಹೇಳಿದ ಮೊದಲ ತಪ್ಪನ್ನು ಶಂಕಿಸಬೇಕು. ಇದ್ದರೆ, ಮುಂದಿನ ಕೋರಿಕೆಯಲ್ಲಿ ಅದೇ ಕುಕಿಯು ಮರಳಿ ಹೋಯಿತೇ ಎಂದು ನೋಡುವುದು. ಹೋಗದಿದ್ದರೆ ದೋಷವು ಬ್ರೌಸರಿನ ನಿಯಮಗಳಿಗೆ ಸಂಬಂಧಪಟ್ಟುದು, ಹ್ಯಾಂಡ್ಲರುಗಳನ್ನು ಓದುತ್ತ ಕೂರುವುದು ಕಾಲಹರಣ. ‘ಸೆಕ್ಯೂರ್’ ಎಂದು ಗುರುತಿಟ್ಟ ಕುಕಿಯನ್ನು ಗೂಢಲಿಪಿಯಿಲ್ಲದ ಸಂಪರ್ಕದಲ್ಲಿ ಬ್ರೌಸರ್ ಕಳುಹಿಸುವುದಿಲ್ಲ. ಒಂದು ಅತಿಥೇಯದ ಹೆಸರಿನಲ್ಲಿ ಪಡೆದ ಕುಕಿಯನ್ನು ಬೇರೆ ಹೆಸರಿಗೆ ಕೊಡುವುದಿಲ್ಲ. ಸ್ವಂತ ಯಂತ್ರದಲ್ಲಿ ‘ಲೋಕಲ್‌ಹೋಸ್ಟ್’ ಎಂದು ಒಮ್ಮೆಯೂ 127.0.0.1 ಎಂದು ಮತ್ತೊಮ್ಮೆಯೂ ತೆರೆದರೆ ಯಂತ್ರವೊಂದೇ ಆದರೂ ಬ್ರೌಸರಿಗೆ ಅವು ಎರಡು ಸ್ಥಳಗಳು. ‘ಸೇಮ್‌ಸೈಟ್’ ಎಂಬ ಗುಣವನ್ನು ‘ಸ್ಟ್ರಿಕ್ಟ್’ ಎಂದಿರಿಸಿದ್ದರೆ, ಬೇರೊಂದು ತಾಣದಲ್ಲಿ ಗುರುತು ದೃಢಪಡಿಸಿಕೊಂಡು ಹಿಂದಿರುಗುವವನ ಮೊದಲ ಕೋರಿಕೆಯಲ್ಲಿ ಕುಕಿಯಿರುವುದಿಲ್ಲ.

ಕುಕಿಯು ಸರಿಯಾಗಿ ಹೋಗಿ ಬಂದು, ಸರ್ವರ್ ಗುರುತಿಸದಿದ್ದಲ್ಲಿ ಭಂಡಾರವನ್ನು ವಿಚಾರಿಸಬೇಕು. ವಿಷಯದ ಗಹನಭಾಗವು ಇದು. ಬೇರೆ ಏರ್ಪಾಡಿಲ್ಲದಿದ್ದರೆ ರಿಂಗ್ ಸೆಷನ್ನುಗಳನ್ನು ಯಂತ್ರದ ಸ್ಮೃತಿಯಲ್ಲಿ, ‘ಆಟಮ್’ ಎಂಬ ಒಂದು ಪಾತ್ರೆಯಲ್ಲಿಡುತ್ತದೆ. ತಂತ್ರಾಂಶವನ್ನು ನಿಲ್ಲಿಸಿ ಮತ್ತೆ ನಡೆಸಿದರೆ ಪಾತ್ರೆಯು ಬರಿದು. ಎರಡು ಸರ್ವರುಗಳಿಗೆ ಕೋರಿಕೆಗಳನ್ನು ಹಂಚಿದರೆ, ಒಂದರಲ್ಲಿ ಲಾಗಿನ್ ಆದವನು ಮತ್ತೊಂದಕ್ಕೆ ಅಪರಿಚಿತನು; ಇಂಥ ಕಡೆ ಒಂದು ಪುಟ ತೆರೆದು ಮುಂದಿನ ಪುಟ ತೆರೆಯದಿರುವ ಲಕ್ಷಣವು ಕಾಣುತ್ತದೆ. ಇವೆರಡೂ ಸುಲಭವಾಗಿ ಊಹೆಗೆ ಬರತಕ್ಕವು. ಊಹೆಗೆ ಬಾರದುದು ಯಾವುದೆಂದರೆ, ಸರ್ವರ್ ಒಂದೇ ಆಗಿದ್ದು, ನಿಲ್ಲದೆ ನಡೆಯುತ್ತಿದ್ದು, ಪಾತ್ರೆಗಳು ಮಾತ್ರ ಅನೇಕವಾಗುವುದು. ‘ವ್ರಾಪ್-ಸೆಷನ್’ ಎಂಬುದೂ ಒಂದು ಫಲನವೇ. ಭಂಡಾರವನ್ನು ಹೆಸರಿಸದೆ ಅದನ್ನು ಕರೆದಷ್ಟು ಸಲವೂ ಹೊಸ ಪಾತ್ರೆಯೊಂದು ಹುಟ್ಟುತ್ತದೆ. ರೇಟಿಟ್ ಎಂಬ ಮಾರ್ಗನಿರ್ಣಾಯಕ ಲೈಬ್ರರಿಯಲ್ಲಿ ಹೊದಿಕೆಗಳನ್ನು ಮಾರ್ಗಗಳ ವಿವರದೊಡನೆ ಬರೆದಿಟ್ಟರೆ, ಅವು ಪ್ರತಿಯೊಂದು ಮಾರ್ಗಕ್ಕೂ ಬೇರೆಬೇರೆಯಾಗಿ ಅನ್ವಯವಾಗುತ್ತವೆ. ಆಗ ಲಾಗಿನ್ನಿನ ಮಾರ್ಗಕ್ಕೆ ಒಂದು ಪಾತ್ರೆ, ಮುಖಪುಟಕ್ಕೆ ಇನ್ನೊಂದು; ಒಂದರಲ್ಲಿಟ್ಟುದನ್ನು ಇನ್ನೊಂದರಲ್ಲಿ ಹುಡುಕಿದಂತಾಗುತ್ತದೆ. ಬರಹದಲ್ಲಿ ‘ವ್ರಾಪ್-ಸೆಷನ್’ ಒಂದೇ ಕಡೆ ಕಾಣುವುದರಿಂದ ಓದುವವನಿಗೆ ಸಂದೇಹವೇ ಬರುವುದಿಲ್ಲ. ಭಂಡಾರವನ್ನು ಒಮ್ಮೆ ಮಾತ್ರ ನಿರ್ಮಿಸಿ ಅದಕ್ಕೊಂದು ಹೆಸರಿಟ್ಟು, ಎಲ್ಲ ಕಡೆಗೂ ಅದನ್ನೇ ಕೊಡುವುದು ಪರಿಹಾರ. ಬರಹವನ್ನು ತಿದ್ದಿದಾಗಲೆಲ್ಲ ಕಡತವು ಮರುಲೋಡಾಗುವ ಏರ್ಪಾಡಿನಲ್ಲಿ, ‘ಡೆಫ್‌ಒನ್ಸ್’ ಎಂಬುದರಿಂದ ನಿರ್ಮಿಸಿದರೆ ಪಾತ್ರೆಯು ಉಳಿಯುತ್ತದೆ.

ಸೆಷನ್ನನ್ನು ಸರ್ವರಿನಲ್ಲಿಡದೆ ಗೂಢಲಿಪಿಗೊಳಿಸಿ ಕುಕಿಯಲ್ಲಿಯೇ ಕಳುಹಿಸುವ ಭಂಡಾರವೂ ರಿಂಗಿನಲ್ಲಿದೆ. ಅದಕ್ಕೆ 16 ಬೈಟುಗಳ ರಹಸ್ಯದ ಕೀಲಿ ಬೇಕು. ಕೀಲಿಯನ್ನು ಕೊಡದಿದ್ದರೆ ಅದು ಯಾದೃಚ್ಛಿಕವಾಗಿ ಒಂದನ್ನು ಹುಟ್ಟಿಸಿಕೊಳ್ಳುವುದರಿಂದ, ತಂತ್ರಾಂಶವನ್ನು ಮರಳಿ ನಡೆಸಿದೊಡನೆ ಹಳೆಯ ಕುಕಿಗಳನ್ನೆಲ್ಲ ಓದಲಾಗದೆ ಹೋಗುತ್ತದೆ. ಜೊತೆಗೆ, ಬ್ರೌಸರುಗಳು ಒಂದು ಕುಕಿಗೆ ಸುಮಾರು 4096 ಬೈಟುಗಳ ಮಿತಿಯನ್ನಿಟ್ಟಿವೆ. ಸೆಷನ್ ಬೆಳೆಯುತ್ತ ಹೋಗುವ ತಾಣಗಳಿಗೆ ಇದು ಒಗ್ಗದು.

ಹೊದಿಕೆಗಳ ಕ್ರಮದ ಮಾತನ್ನೂ ಹೇಳಬೇಕು. ಬಾಣದ ಗುರುತಿನಿಂದ ಹ್ಯಾಂಡ್ಲರಿಗೆ ಒಂದರ ಕೆಳಗೊಂದಾಗಿ ಹೊದಿಕೆಗಳನ್ನು ಬರೆಯುವಾಗ ಕಡೆಯಲ್ಲಿ ಬರೆದುದೇ ಎಲ್ಲಕ್ಕಿಂತ ಹೊರಗಿನದಾಗಿ, ಕೋರಿಕೆಯನ್ನು ಮೊದಲು ಮುಟ್ಟುತ್ತದೆ. ಆದುದರಿಂದ ಸೆಷನ್ನನ್ನು ನೋಡಿ ಬಳಕೆದಾರನನ್ನು ನಿರ್ಣಯಿಸುವ ಹೊದಿಕೆಗಿಂತ ‘ವ್ರಾಪ್-ಸೆಷನ್’ ಕೆಳಗಿನ ಸಾಲಿನಲ್ಲಿರಬೇಕು. ಮೇಲಿನಿಂದ ಕೆಳಕ್ಕೆ ನಡೆಯುವುದೆಂದು ಓದಿದವರು ತಿರುಗುಮುರುಗು ಬರೆಯುತ್ತಾರೆ. ಆಗ ನಿರ್ಣಯಿಸುವ ಹೊದಿಕೆಗೆ ಸೆಷನ್ನೇ ಕಾಣುವುದಿಲ್ಲ.

ನಿದಾನವು ತಪ್ಪಿದರೆ ಆಗುವ ಅನರ್ಥವು ಕಾಲವ್ಯಯವೊಂದೇ ಅಲ್ಲ. ಸೆಷನ್ ನಷ್ಟವಾದಾಗ ಅನೇಕ ಸಂದರ್ಭಗಳಲ್ಲಿ ಮೊದಲು ಕಾಣುವುದು ‘ಆಂಟಿ-ಫೋರ್ಜರಿ ಟೋಕನ್ ಅಸಿಂಧು’ ಎಂಬ ಅರ್ಥದ 403ರ ನಿರಾಕರಣೆ. ಪರತಾಣದವರು ಬಳಕೆದಾರನ ಹೆಸರಿನಲ್ಲಿ ಕಪಟದ ಕೋರಿಕೆ ಸಲ್ಲಿಸದಂತೆ ತಡೆಯುವ ಮುದ್ರೆಯದು; ಅದರ ಮೂಲಪ್ರತಿಯು ಸೆಷನ್ನಿನಲ್ಲಿಯೇ ಇರುವುದರಿಂದ ಸೆಷನ್ ಹೋದರೆ ಮುದ್ರೆಯೂ ಹೊಂದುವುದಿಲ್ಲ. ಇದನ್ನು ನಮೂನೆಯ ದೋಷವೆಂದು ಬಗೆದು ಆ ರಕ್ಷಣೆಯನ್ನೇ ತೆಗೆದುಹಾಕುವವರುಂಟು. ನಿರಾಕರಣೆ ನಿಲ್ಲುತ್ತದೆ, ರೋಗವು ನಿಲ್ಲುವುದಿಲ್ಲ, ಬಾಗಿಲಿಗೆ ಅಗುಳಿಯೂ ಇಲ್ಲದಂತಾಗುತ್ತದೆ.

ಇದಕ್ಕಿಂತಲೂ ಘೋರವಾದುದು ಇನ್ನೊಂದುಂಟು. ಸೆಷನ್ನನ್ನು ಕೈಯಿಂದ ಕೈಗೆ ದಾಟಿಸುವ ಕಷ್ಟದಿಂದ ಬೇಸತ್ತವನು ‘ಈಗಿನ ಬಳಕೆದಾರ’ ಎಂಬ ಹೆಸರಿನ ಒಂದೇ ಆಟಮನ್ನು ಇಡೀ ತಂತ್ರಾಂಶಕ್ಕೆ ಇಟ್ಟು, ಲಾಗಿನ್ ಆದವನನ್ನು ಅದರಲ್ಲಿ ಬರೆಯುತ್ತಾನೆ. ಒಬ್ಬನೇ ಕುಳಿತು ಪರೀಕ್ಷಿಸುವಾಗ ಎಲ್ಲವೂ ಸರಿಯಾಗಿ ನಡೆಯುತ್ತದೆ. ತಾಣವು ಸಾರ್ವಜನಿಕವಾಗಿ ತೆರೆದ ಮೇಲೆ ಇಬ್ಬರು ಕೂಡಿದೊಡನೆ, ಕಡೆಗೆ ಲಾಗಿನ್ ಆದವನ ಹೆಸರಿನಲ್ಲಿ ಮೊದಲಿನವನೂ ನಡೆಯತೊಡಗುತ್ತಾನೆ. ಒಬ್ಬನ ಲೆಕ್ಕಪತ್ರವು ಮತ್ತೊಬ್ಬನಿಗೆ ತೆರೆಯುತ್ತದೆ. ಗುರುತು ಸಿಕ್ಕದಿರುವುದು ತೊಡಕು ಮಾತ್ರ, ತಪ್ಪು ಗುರುತು ಹತ್ತುವುದು ದ್ರೋಹಕ್ಕೆ ಸಮ. ಭಾಷೆಯು ಮೌಲ್ಯಗಳನ್ನು ಕೋರಿಕೆಯೊಡನೆಯೇ ಸಾಗಿಸಬೇಕೆಂದು ಒತ್ತಾಯಿಸುವುದು ಇಂಥ ಸಂಕರವನ್ನು ತಡೆಯುವುದಕ್ಕೆ ಬಹಳ ನೆರವಾಗುತ್ತದೆ.

ಒಳಹೊಗುವ ವಿಚಾರದಷ್ಟೇ ಹೊರಹೋಗುವ ವಿಚಾರವೂ ಗಮನಾರ್ಹ. ಲಾಗ್‌ಔಟಿನ ಹ್ಯಾಂಡ್ಲರ್ ಬಳಕೆದಾರನನ್ನು ಮುಖಪುಟಕ್ಕೆ ಕಳುಹಿಸಿ ಉತ್ತರದಲ್ಲಿ ಸೆಷನ್ನಿನ ಕೀಲಿಯನ್ನೇ ಇಡದಿದ್ದರೆ, ಮೇಲೆ ಹೇಳಿದ ನಿಯಮದಂತೆ ಸೆಷನ್ ಇದ್ದಂತೆಯೇ ಇರುತ್ತದೆ. ಮುಖಪುಟವನ್ನು ಕಂಡವನು ತಾನು ಹೊರಬಂದೆನೆಂದು ನಂಬಿ, ಗ್ರಂಥಾಲಯದ ಯಂತ್ರದಿಂದೆದ್ದು ಹೋಗುತ್ತಾನೆ; ಬಳಿಕ ಕುಳಿತವನಿಗೆ ಅವನ ಖಾತೆಯು ತೆರೆದೇ ಇರುತ್ತದೆ. ಇಲ್ಲಿ ‘ನಿಲ್’ ಮೌಲ್ಯವನ್ನು ಬಾಯಿಬಿಟ್ಟು ಹೇಳತಕ್ಕದ್ದು. ಸೆಷನ್ ಕುಕಿಯಲ್ಲಿಯೇ ಇರುವ ಪಕ್ಷದಲ್ಲಿ ‘ನಿಲ್’ ಕೂಡ ಸಾಲದು. ಕುಕಿಯ ನಕಲು ಯಾರ ಕೈಯಲ್ಲಾದರೂ ಉಳಿದಿದ್ದರೆ ರಹಸ್ಯದ ಕೀಲಿ ಬದಲಾಗುವವರೆಗೆ ಅದು ಸಲ್ಲುತ್ತಲೇ ಇರಬಹುದು. ಹಾಗೆಯೇ ಲಾಗಿನ್ ಆಗುವ ಕ್ಷಣದಲ್ಲಿ ಸೆಷನ್ನಿಗೆ ‘ರಿಕ್ರಿಯೇಟ್’ ಎಂಬ ಉಪಲಕ್ಷಣವನ್ನು ಅಂಟಿಸಿದರೆ ರಿಂಗ್ ಹಳೆಯ ಗುರುತನ್ನು ಅಳಿಸಿ ಹೊಸದನ್ನು ಕೊಡುತ್ತದೆ. ಲಾಗಿನ್ನಿಗೆ ಮುಂಚೆಯೇ ಗುರುತೊಂದನ್ನು ಬಳಕೆದಾರನ ಬ್ರೌಸರಿನಲ್ಲಿ ನೆಟ್ಟು ಕಾದಿರುವ ವಂಚಕನ ಕೈಗೆ ಆಗ ಉಳಿಯುವುದು ನಿರುಪಯೋಗಿಯಾದ ಹಳೆಯ ಚೀಟಿ ಮಾತ್ರ.